ಕಾಯುವ ಪಟ್ಟಿಯ ನಾಲ್ಕನೇ ಹೆಸರು

ಅಥವಾ ಆಕೆ ನಮ್ಮ ಆಫೀಸಿಗೆ ಬಂದದ್ದು ಎರಡೇ ಸಲ ಇರಬಹುದು. ಮೂರು ಸಲ ಎಂದು ಇಷ್ಟು ವರ್ಷ ಹೇಳಿಕೊಂಡು ಬಂದಿದ್ದೇನೆ. ಮೊದಲ ಸಲ ಬಂದಾಗ ಆಕೆಯ ಸೆರಗಿಗೆ ಹೊಟ್ಟು ಅಂಟಿತ್ತು ಎಂದೂ ಹೇಳುತ್ತೇನೆ. ಅದನ್ನು ನಾನು ಕಂಡೆನೋ, ಆಕೆ ಅಕ್ಕಿ ಹುರಿದು ಮಂಡಕ್ಕಿ ಮಾಡುವ ಭಟ್ಟಿಯಲ್ಲಿ ಕೆಲಸ ಮಾಡುವವಳು ಎಂದು ಗೊತ್ತಾದ ಮೇಲೆ ನಾನೇ ಆ ಸೆರಗಿಗೆ ಹೊಟ್ಟು ಅಂಟಿಸಿದೆನೋ, ಈಗ ಹೇಳಲಾರೆ. ಆಕೆ ಕೇಳಿದ ಪ್ರಶ್ನೆ ಮಾತ್ರ ನಾನು ಎಷ್ಟು ಸಲ ಹೇಳಿದರೂ ಬದಲಾಗಿಲ್ಲ.

"ಮೇಡಮ್ಮಾರೆ, ನನ್ ಮಗಳು ಭಾಳ ಶಾಣ್ಯಾಕಿ ಅಲ್ರಿ. ದಡ್ಡೀನೂ ಅಲ್ಲ. ಅಂಥವ್ರಿಗೆ ನಿಮ್ಮಲ್ಲಿ ಸೀಟು ಸಿಗತೈತೇನ್ರಿ?"

ಆಕೆಯ ಹೆಸರು ಹಾಲಮ್ಮ. ಮಗಳು ನೇತ್ರಾವತಿ, ಆನೆಕೊಂಡದ ಕಡೆಯ ಸರ್ಕಾರಿ ಶಾಲೆಯಲ್ಲಿ ಏಳನೇ ತರಗತಿ ಮುಗಿಸಿದ್ದಳು. ಎಂಟನೇ ತರಗತಿಗೆ ನಮ್ಮಲ್ಲಿ ಸೇರಬೇಕಿತ್ತು. ನಮ್ಮಲ್ಲಿ ಎಂದರೆ ದಾವಣಗೆರೆಯಲ್ಲಿ ಕ್ಯಾಥೋಲಿಕ್ ಸಿಸ್ಟರ್‌ಗಳು ನಡೆಸುವ ಒಂದು ಹೈಸ್ಕೂಲು. ಊರಿನವರ ಬಾಯಲ್ಲಿ ಅದು ಬರೀ ಕಾನ್ವೆಂಟು. ನಾನು ಅಲ್ಲಿ ಇಪ್ಪತ್ತೇಳು ವರ್ಷ ಆಫೀಸಿನ ಗುಮಾಸ್ತೆಯಾಗಿದ್ದೆ. ಅರ್ಜಿ ಕೊಡುವುದು, ತುಂಬಿದ್ದನ್ನು ತೆಗೆದುಕೊಳ್ಳುವುದು, ಪರೀಕ್ಷೆಯ ಅಂಕ ಬರೆಯುವುದು, ಪಟ್ಟಿ ಮಾಡುವುದು ನನ್ನ ಕೆಲಸ. ಈಗ ನನ್ನ ಕುರ್ಚಿಯಲ್ಲಿ ಶಿಲ್ಪಾ ಎನ್ನುವ ಹುಡುಗಿ ಕೂತಿದ್ದಾಳೆ. ಹೋದ ತಿಂಗಳು ನಿಟ್ಟುವಳ್ಳಿಯ ನಮ್ಮ ಮನೆಗೆ ಬಂದವಳು, "ಮೇಡಂ, ಸರ್ಕಾರಿ ಶಾಲೆಯ ಸಾಧಾರಣ ಮಕ್ಕಳ ತಂದೆ-ತಾಯಿ ಬಂದು ಕೇಳ್ತಾರಲ್ಲ, ಅವರಿಗೆ ಏನ್ ಹೇಳ್ಬೇಕು?" ಎಂದಳು. ನಾನು ಕಾಫಿ ಮಾಡುವ ನೆಪದಲ್ಲಿ ಒಳಗೆ ಹೋದೆ. ಅವಳಿಗೆ ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಹಾಲಮ್ಮನಿಗೆ ನಾನು ಕೊಟ್ಟ ಉತ್ತರ ಇದು: "ಅರ್ಜಿ ಹಾಕ್ರಿ ಅಮ್ಮ, ಎಲ್ಲಾರಿಗೂ ಒಂದೇ ರೂಲು."

ಅದು ಸುಳ್ಳಲ್ಲ. ರೂಲು ಒಂದೇ ಇತ್ತು. ನಮ್ಮದೇ ಪ್ರೈಮರಿಯಿಂದ ಬರುವ ಮಕ್ಕಳು ಮೊದಲು. ಚರ್ಚಿನ ಕುಟುಂಬಗಳ ಮಕ್ಕಳು ಆಮೇಲೆ. ಉಳಿದ ಹನ್ನೆರಡೋ ಹದಿನಾಲ್ಕೋ ಸೀಟಿಗೆ ಹೊರಗಿನವರು. ಅವರಿಗೆ ಕನ್ನಡ, ಇಂಗ್ಲಿಷ್, ಲೆಕ್ಕದಲ್ಲಿ ಒಂದು ಪರೀಕ್ಷೆ, ಆಮೇಲೆ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಲಿಲ್ಲಿ ಎದುರು ತಂದೆ-ತಾಯಿಯ ಜೊತೆ ಮಾತುಕತೆ. ಮೊದಲು ನಮ್ಮಲ್ಲಿ ಕನ್ನಡ ಮಾಧ್ಯಮದ ಒಂದು ಸೆಕ್ಷನ್ ಇತ್ತು. ಸರ್ಕಾರಿ ಶಾಲೆಯ ಮಕ್ಕಳು ಹೆಚ್ಚಾಗಿ ಅಲ್ಲಿಗೆ ಬರುತ್ತಿದ್ದರು. ಮಕ್ಕಳು ಸಾಲದೆಂದು ಅದನ್ನು ಮುಚ್ಚಿದರು. ಮುಚ್ಚಿದ ಮರುವರ್ಷ ನೇತ್ರಾವತಿ ಬಂದಳು.

ತುಂಬ ಓದುವ ಮಗುವಿಗೆ ಜಾಗ ಸಿಗುತ್ತಿತ್ತು. ತೀರಾ ಕಷ್ಟದಲ್ಲಿರುವ ಮಗುವಿಗೂ ಸಿಗುತ್ತಿತ್ತು. ಅಪ್ಪ-ಅಮ್ಮ ಇಲ್ಲದವರಿಗೆ, ಕಾಯಿಲೆಯ ಮನೆಯವರಿಗೆ ಸಿಸ್ಟರ್ ಪ್ರತಿ ವರ್ಷ ಎರಡು ಮೂರು ಸೀಟು ಇಟ್ಟುಕೊಳ್ಳುತ್ತಿದ್ದರು. ನಡುವಿನವರು ನಡುವೆಯೇ ಉಳಿಯುತ್ತಿದ್ದರು. ತಾಯಿ ಭಟ್ಟಿಯಲ್ಲಿ ದುಡಿಯುತ್ತಾಳೆ, ತಂದೆ ಇದ್ದಾನೆ, ಮನೆಯಲ್ಲಿ ಊಟಕ್ಕಿದೆ, ಪ್ರಗತಿ ಪತ್ರದಲ್ಲಿ ಬಿ ಗ್ರೇಡು. ಅಂಥ ಅರ್ಜಿಯನ್ನು ಕೈಯಲ್ಲಿ ಹಿಡಿದರೆ ಓದಬೇಕು ಅನ್ನಿಸುವುದೇ ಇಲ್ಲ. ನನಗೆ ಅನ್ನಿಸುತ್ತಿರಲಿಲ್ಲ.

ನೆನಪಿನಲ್ಲಿ ಉಳಿದವರು ಬೇರೆಯವರು. ಒಂದು ವರ್ಷ ಒಬ್ಬ ತಂದೆ ಮಗನಿಗೆ ಶಿಲುಬೆಯ ಗುರುತು ಹಾಕುವುದನ್ನು ಕಲಿಸಿಕೊಂಡು ಬಂದಿದ್ದರು. ಹಾಗೆ ಮಾಡಿದರೆ ಸೀಟು ಖಂಡಿತ ಎಂದು ಯಾರೋ ಹೇಳಿದ್ದರಂತೆ. ಹುಡುಗನ ಹಣೆಯ ತುಂಬ ವಿಭೂತಿ, ಕೊರಳಲ್ಲಿ ಲಿಂಗದ ಕಾಯಿ. ಸಿಸ್ಟರ್ ಕೋಣೆಗೆ ಕಾಲಿಟ್ಟವನೇ ಎಡಗೈಯಿಂದ ಹಣೆ, ಹೊಟ್ಟೆ, ಭುಜ ಎಲ್ಲ ಮುಟ್ಟಿಕೊಂಡ. ಬೆರಳಿಗೆ ಹತ್ತಿದ ವಿಭೂತಿ ಅಂಗಿಯ ಮೇಲೂ ಬಿತ್ತು. ಸಿಸ್ಟರ್ ಲಿಲ್ಲಿ ಮಂಗಳೂರಿನ ಕಡೆಯವರು. ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಬೇಡ ಮಗಾ, ನೀನು ನಿನ್ನ ಮನೆಯ ಹಾಗೆಯೇ ಇರು. ಆದರೆ ಭಾಗಾಕಾರ ಎಂಥದ್ದು ಇದು? ಅದನ್ನು ಮಾತ್ರ ಯಾರೂ ಕಲಿಸಲಿಲ್ಲವಾ?" ಎಂದರು. ಅವನಿಗೆ ಸೀಟು ಸಿಗಲಿಲ್ಲ. ಆದರೆ ಎಲ್ಲರಿಗೂ ಅವನು ನೆನಪಿದ್ದಾನೆ.

ನೇತ್ರಾವತಿಯ ಮಾತುಕತೆಯ ದಿನ ನಾನು ಒಳಗಿದ್ದೆ. ಅರ್ಜಿಗಳನ್ನು ಒಂದೊಂದಾಗಿ ಸಿಸ್ಟರ್ ಮುಂದಿಡುವುದು ನನ್ನ ಕೆಲಸ. ಸಿಸ್ಟರ್ ಹಾಲಮ್ಮನನ್ನು ಕೇಳಿದರು, "ಮನೆಯಲ್ಲಿ ಮಗುವಿಗೆ ಇಂಗ್ಲಿಷ್ ಹೇಳಿಕೊಡುವವರು ಯಾರಮ್ಮ?"

"ಹೇಳಿಕೊಡಾಕ ನಂಗೆ ಬರಲ್ರಿ. ಆದ್ರ ಕುಂದ್ರಸ್ತೀನಿ. ಎದ್ದು ಹೋಗಾಕ ಬಿಡಲ್ಲ."

ಇದನ್ನು ನಾನು ಸ್ಟಾಫ್ ರೂಮಿನಲ್ಲಿ ಹೇಳಿ ನಗಿಸಿದ್ದೇನೆ. ಒಂದು ಸಲವಲ್ಲ. ಹಾಲಮ್ಮ ಸೊಂಟಕ್ಕೆ ಕೈ ಇಟ್ಟು ಹಾಗಂದಳು ಎಂದು ಅಭಿನಯಿಸಿಯೂ ತೋರಿಸಿದ್ದೇನೆ. ಆಕೆ ಸೊಂಟಕ್ಕೆ ಕೈ ಇಟ್ಟಿರಲಿಲ್ಲ. ಕೈ ಕಟ್ಟಿಕೊಂಡು ನಿಂತಿದ್ದಳು. ಕೂಡ್ರಿ ಎಂದು ನಾವು ಯಾರೂ ಹೇಳಿರಲಿಲ್ಲ.

ಹುಡುಗಿ ಏನು ಉತ್ತರ ಕೊಟ್ಟಳು, ಹೇಗಿದ್ದಳು, ನನಗೆ ನೆನಪಿಲ್ಲ. ಪರೀಕ್ಷೆಯಲ್ಲಿ ಅವಳ ಅಂಕ ಮಧ್ಯದಲ್ಲಿತ್ತು. ಆಯ್ಕೆಯ ಪಟ್ಟಿಯಲ್ಲಿ ಹೆಸರು ಬರಲಿಲ್ಲ. ಕಾಯುವ ಪಟ್ಟಿಯಲ್ಲಿ ಬಂತು, ನಾಲ್ಕನೆಯದು.

ಹೊಸಬರಿಗೆ ಕಾಯುವ ಪಟ್ಟಿಯ ವಿಷಯ ಹೇಳಬೇಕು. ಸಾಧಾರಣ ಮಗುವಿಗೆ ನಮ್ಮಲ್ಲಿದ್ದ ನಿಜವಾದ ಬಾಗಿಲು ಅದೊಂದೇ. ಆಯ್ಕೆಯಾದವರಲ್ಲಿ ಪ್ರತಿ ವರ್ಷ ಐದಾರು ಮಂದಿ ಬೇರೆ ಕಡೆ ಸೇರಿಬಿಡುತ್ತಿದ್ದರು. ಸೀಟು ಖಾಲಿಯಾದಂತೆ ನಾನು ಪಟ್ಟಿಯ ಕ್ರಮದಲ್ಲಿ ಫೋನ್ ಮಾಡಬೇಕು. ಬರುತ್ತೇವೆ ಎಂದವರ ಹೆಸರಿನ ಮುಂದೆ "ಬಂದರು" ಎಂದು ಬರೆಯಬೇಕು. ಫೋನ್ ಹತ್ತದಿದ್ದರೆ "ಸಿಗಲಿಲ್ಲ" ಎಂದು ಬರೆದು ಮುಂದಿನ ಹೆಸರಿಗೆ ಹೋಗಬೇಕು. ಉದ್ದನೆಯ ನೋಟ್‌ಬುಕ್ಕು, ದಿನದ ಕೊನೆಗೆ ಸಿಸ್ಟರ್ ಸಹಿ.

ಸರ್ಕಾರಿ ಶಾಲೆಯ ಮಕ್ಕಳ ಅರ್ಜಿಯಲ್ಲಿದ್ದ ನಂಬರು ಬಹಳಷ್ಟು ಸಲ ಅವರದಾಗಿರುತ್ತಿರಲಿಲ್ಲ. ಪಕ್ಕದ ಮನೆಯವರದು, ಕಿರಾಣಿ ಅಂಗಡಿಯದು, ಕೆಲಸ ಕೊಟ್ಟವರದು. "ತಡೀರಿ, ಕರೀತೀನಿ" ಎಂದು ಹೋದವರು ಹತ್ತು ನಿಮಿಷ ಬರುತ್ತಿರಲಿಲ್ಲ. ಅಥವಾ "ಅವ್ರು ಊರಾಗಿಲ್ರಿ" ಎಂದು ಇಟ್ಟುಬಿಡುತ್ತಿದ್ದರು. ಜೂನ್ ತಿಂಗಳಲ್ಲಿ ಆಫೀಸಿನ ಮುಂದೆ ಜಾತ್ರೆಯಂತೆ ಜನ. ಹಾಗಾಗಿ ನನಗೊಂದು ರೂಢಿ ಬೆಳೆಯಿತು. ಇಂಥ ನಂಬರುಗಳಿಗೆ ಒಂದೇ ಸಲ ಫೋನ್ ಮಾಡುತ್ತಿದ್ದೆ. ಆಮೇಲೆ ಕೆಲವಕ್ಕೆ ಮಾಡುತ್ತಲೇ ಇರಲಿಲ್ಲ. ನೇರವಾಗಿ "ಸಿಗಲಿಲ್ಲ" ಎಂದು ಬರೆಯುತ್ತಿದ್ದೆ. ಹೇಗೂ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿತ್ತು ಎಂದು ನನಗೆ ನಾನೇ ಹೇಳಿಕೊಂಡಿದ್ದೆ.

ನಾಲ್ಕನೇ ಹೆಸರಿನ ಸರದಿ ಬಂದ ದಿನದ ಬಗ್ಗೆ ನನ್ನಲ್ಲಿ ಎರಡು ನೆನಪುಗಳಿವೆ. ಒಂದರಲ್ಲಿ ನಾನು ಹಸಿರು ಫೋನಿನ ರಿಸೀವರ್ ಎತ್ತಿ, ಹಾಲಮ್ಮ ಕೊಟ್ಟ ನಂಬರು ಒತ್ತಿ, ರಿಂಗ್ ಆಗುವುದನ್ನು ಕೇಳುತ್ತಾ ಕೂತಿದ್ದೇನೆ. ಯಾರೂ ಎತ್ತುವುದಿಲ್ಲ. ತುಂಬ ಸ್ಪಷ್ಟವಾದ ನೆನಪು ಇದು. ಆದರೆ ಆ ಹಸಿರು ಫೋನು ಅಷ್ಟರಲ್ಲಿ ಕೆಟ್ಟು, ಅದರ ಜಾಗದಲ್ಲಿ ಬೂದು ಬಣ್ಣದ್ದು ಬಂದು ಎರಡು ವರ್ಷವಾಗಿತ್ತು. ಅಂದರೆ ಇದು ಬೇರೆ ಯಾವುದೋ ವರ್ಷದ, ಬೇರೆ ಯಾರದೋ ಫೋನು. ಇನ್ನೊಂದು ನೆನಪಿನಲ್ಲಿ ನಾನು ಫೋನು ಮುಟ್ಟುವುದೇ ಇಲ್ಲ. ಎದುರಿನ ಬೆಂಚಿನಲ್ಲಿ ಇಸ್ತ್ರಿ ಅಂಗಿಯ ಒಬ್ಬರು ಕೂತಿದ್ದಾರೆ, ಬ್ಯಾಂಕಿನವರು. ಅವರ ಮಗಳ ಹೆಸರು ಪಟ್ಟಿಯಲ್ಲಿ ಏಳನೆಯದು. ಸಭ್ಯ ಮನುಷ್ಯ. ಬೆಳಿಗ್ಗೆಯಿಂದ ಕೂತಿದ್ದಾರೆ. "ಮೇಡಂ, ಏನಾದ್ರೂ ಖಾಲಿ ಆಯ್ತಾ?" ಎಂದು ನಗುನಗುತ್ತಾ ಕೇಳುತ್ತಿದ್ದಾರೆ. ನಾನು ಪುಸ್ತಕ ತೆಗೆದು ನಾಲ್ಕು, ಐದು, ಆರನೇ ಹೆಸರುಗಳ ಮುಂದೆ "ಸಿಗಲಿಲ್ಲ" ಎಂದು ಬರೆಯುತ್ತೇನೆ. "ಬರ್ರಿ ಸರ್" ಎನ್ನುತ್ತೇನೆ.

ಅವರು ನನಗೆ ಏನೂ ಕೊಡಲಿಲ್ಲ. ನಾನೂ ಕೇಳಲಿಲ್ಲ. ಲಂಚ ತೆಗೆದುಕೊಂಡಿದ್ದರೆ ಇದನ್ನು ಬರೆಯುವುದು ಸುಲಭವಾಗುತ್ತಿತ್ತು, ತಪ್ಪಿಗೆ ಒಂದು ಹೆಸರಾದರೂ ಇರುತ್ತಿತ್ತು. ಅವರು ಎದುರಿಗಿದ್ದರು. ಅಷ್ಟೇ. ಹಾಲಮ್ಮ ಎದುರಿಗೆ ಇರಲಿಲ್ಲ, ಭಟ್ಟಿಯಲ್ಲಿದ್ದಳು.

ಶಾಲೆ ಶುರುವಾಗಿ ಒಂದು ವಾರದ ಮೇಲೆ ಆಕೆ ಬಂದಳು. ಮಾತುಕತೆಯ ದಿನ ಬಿಟ್ಟರೆ ಇದು ಎರಡನೇ ಸಲವೋ ಮೂರನೆಯದೋ. ಮಗಳು ಜೊತೆಗಿರಲಿಲ್ಲ.

"ಮೇಡಮ್ಮಾರೆ, ಲಿಸ್ಟು ಎಲ್ಲಿಗ್ ಬಂತ್ರಿ? ನಮ್ದು ನಾಕ್ನೇದು."

"ಅದು ಆಗ್ಲೇ ಏಳನೇದರವರೆಗೂ ಹೋಗಿ ಮುಗೀತು ಅಮ್ಮ. ನಿಮಗೆ ಫೋನ್ ಮಾಡಿದ್ವಿ. ಸಿಗಲಿಲ್ಲ."

"ಆ ಫೋನು ನಮ್ಮ ಭಟ್ಟಿ ಮಾಲಕ್ರದ್ರಿ. ಅವ್ರು ದಿನಾ ಗಲ್ಲಾದ ಮುಂದೇ ಕುಂತಿರ್ತಾರ. ನಾನು ದಿನಾ ಕೇಳ್ತಿದ್ದೆ, ಬಂತೇನ್ರಿ, ಬಂತೇನ್ರಿ ಅಂತ. ಬಂದಿಲ್ಲ ಅಂದ್ರು."

"ಹಂಗಾದ್ರೆ ನಾವ್ ಸುಳ್ಳು ಹೇಳ್ತೀವೇನಮ್ಮ?"

ದನಿ ಏರಿಸಿ ಹೇಳಿದೆ. ಹಿಂದೆ ಸಾಲಿನಲ್ಲಿದ್ದವರು ತಿರುಗಿ ನೋಡುವಷ್ಟು. ಹಾಲಮ್ಮ ಗಾಬರಿಯಾದಳು.

"ಇಲ್ಲ್ರವ್ವ, ಇಲ್ಲ. ತಪ್ಪಾತು. ನೀವ್ಯಾಕ ಸುಳ್ಳ್ ಹೇಳ್ತೀರಿ? ಯಾವ ಹೊತ್ನಾಗ ಮಾಡಿದ್ರಿ ಅಂತ ಒಂಚೂರು ಹೇಳ್ರಿ. ಮಾಲಕ್ರನ್ನ ಕೇಳ್ತೀನಿ."

ಆಗ ಸುಮ್ಮನಿರಬಹುದಿತ್ತು. ನೆನಪಿಲ್ಲ ಎನ್ನಬಹುದಿತ್ತು, ಅದು ನಿಜಕ್ಕೆ ಹತ್ತಿರವೂ ಆಗಿರುತ್ತಿತ್ತು. ನಾನು ಪುಸ್ತಕ ತೆಗೆದೆ. ಅದರಲ್ಲಿ ಹೊತ್ತು ಬರೆಯುವ ಜಾಗವೇ ಇರಲಿಲ್ಲ. ಆದರೂ ಆ ಸಾಲಿನ ಮೇಲೆ ಬೆರಳಿಟ್ಟು, ಓದುವವಳಂತೆ, "ಬುಧವಾರ, ಹನ್ನೊಂದೂವರೆಗೆ" ಎಂದೆ.

"ಬುಧವಾರ ಹನ್ನೊಂದೂವರೆ" ಎಂದು ಆಕೆ ಎರಡು ಸಲ ತನಗೆ ತಾನೇ ಹೇಳಿಕೊಂಡಳು. ಮರೆತುಹೋಗಬಾರದಲ್ಲ. ಕೈ ಮುಗಿದು ಹೋದಳು.

ಆ ಸಂಜೆ ನಾನು ಎಂದಿನಂತೆ ಸಿಟಿ ಬಸ್ಸಿನಲ್ಲಿ ಮನೆಗೆ ಹೋದೆ. ಆನೆಕೊಂಡ ನನಗೆ ಆಟೊ ಮಾಡಿಕೊಂಡು ಹೋಗಿ ಬರುವ ದೂರ. ಅರ್ಜಿಯಲ್ಲಿ ಮನೆಯ ವಿಳಾಸವಿತ್ತು. ಇಪ್ಪತ್ತೇಳು ವರ್ಷದಲ್ಲಿ ಒಂದು ಸಲವೂ ಪಟ್ಟಿಯಲ್ಲಿದ್ದ ಒಬ್ಬರ ಮನೆಗೆ ಹೋಗಿ "ಸೀಟು ಖಾಲಿಯಾಗೈತೆ, ನಾಳೆ ಬರ್ರಿ" ಎಂದು ಹೇಳಿ ಬರಬಹುದು ಎಂದು ನನಗೆ ಹೊಳೆದಿರಲಿಲ್ಲ. ಆಫೀಸಿನ ಕೆಲಸ ಆಫೀಸಿನಲ್ಲಿ ಎನ್ನುವುದನ್ನು ನಾನು ಶಿಸ್ತು ಎಂದುಕೊಂಡಿದ್ದೆ.

ನಿವೃತ್ತಿಯ ತಿಂಗಳು ಬೀರು ಖಾಲಿ ಮಾಡುವಾಗ ಆ ನೋಟ್‌ಬುಕ್ಕು ಸಿಕ್ಕಿತು. ಹಾಲಮ್ಮನ ಕತೆ ಅಷ್ಟರಲ್ಲಿ ನನ್ನ ತಮಾಷೆಯ ಕತೆಗಳಲ್ಲಿ ಒಂದಾಗಿತ್ತು, "ಕುಂದ್ರಸ್ತೀನಿ" ಎನ್ನುವಲ್ಲಿಗೆ ಮುಗಿಯುತ್ತಿತ್ತು. ಪುಟ ತೆಗೆದೆ. ಮೂರು "ಸಿಗಲಿಲ್ಲ" ಒಂದರ ಕೆಳಗೆ ಒಂದು, ಒಂದೇ ಶಾಯಿ, ಒಂದೇ ಓಟ. ಮೂರನೆಯದು ಅವಸರದಲ್ಲಿ ಬರೀ "ಸಿ.ಲಿ." ಆಗಿದೆ. ಮೂರು ಬೇರೆ ಬೇರೆ ಫೋನು ಮಾಡಿ, ಮೂರು ಸಲ ಕಾದು ಬರೆದ ಕೈಬರಹ ಅದಲ್ಲ. ಹಿಂದಿನ ವರ್ಷಗಳ ಪುಟ ತಿರುಗಿಸಿದೆ. ಸಿಗದವರ ಹೆಸರಿನ ಪಕ್ಕದಲ್ಲಿ ಹಿಂದಿನ ಶಾಲೆ ನೋಡುತ್ತಾ ಹೋದೆ. ಸರ್ಕಾರಿ. ಸರ್ಕಾರಿ. ಸರ್ಕಾರಿ. ಅಲ್ಲಿ ಇಲ್ಲಿ ಒಂದು ಬೇರೆ. ಎಲ್ಲ ನನ್ನದೇ ದುಂಡು ಅಕ್ಷರ. ಎಣಿಸಲು ಶುರು ಮಾಡಿ ನಿಲ್ಲಿಸಿದೆ.

ನೆನಪನ್ನು ನಂಬಬಾರದು ಎಂದು ನಾನು ಮೊದಲಿನಿಂದಲೂ ಹೇಳುವವಳು. ಅದರಲ್ಲಿ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಆ ಮಾತು ಎಷ್ಟು ಒಳ್ಳೆಯ ಅಡಗುತಾಣ ಎಂಬುದು ಆ ಬೀರುವಿನ ಮುಂದೆ ಕೂತಾಗ ತಿಳಿಯಿತು.

ಭಟ್ಟಿಯನ್ನು ಹುಡುಕಿಕೊಂಡು ಹೋದೆ. ನಂಬರು ಹಳೆಯ ಅರ್ಜಿಯಲ್ಲಿತ್ತು. ಫೋನ್ ಮಾಡಿದರೆ ಎರಡನೇ ರಿಂಗಿಗೆ ಎತ್ತಿದರು. ಮಾಲೀಕರು ಈಗ ವಯಸ್ಸಾದವರು, ಗಲ್ಲಾದ ಮುಂದೆಯೇ ಕೂತಿದ್ದರು. ಒಳಗೆ ಮರಳಿನಲ್ಲಿ ಅಕ್ಕಿ ಹುರಿಯುವ ಸದ್ದು, ಕಣ್ಣುರಿಯುವ ಹೊಗೆ.

"ಹಾಲಮ್ಮನಾ? ಬಿಟ್ಟು ಭಾಳ ವರ್ಷ ಆತಲ್ರಿ. ನನ್ ಕೂಡ ಜಗಳ ಆಡಿ ಹೋದ್ಲು."

"ಯಾಕ್ರಿ?"

"ಮಗಳ ಇಸ್ಕೂಲಿನೋರು ಫೋನ್ ಮಾಡಿದ್ರಂತ, ನಾನು ಹೇಳ್ಲಿಲ್ಲಂತ. ಬುಧವಾರ ಹನ್ನೊಂದೂವರೆಗೆ ಅಂತ ಟೈಮು ಬ್ಯಾರೆ ಹೇಳ್ತಾಳ್ರಿ! ಕಾನ್ವೆಂಟ್ ಮೇಡಮ್ಮು ಬುಕ್ಕು ನೋಡಿ ಹೇಳ್ಯಾರ, ಅವ್ರು ಯಾಕ ಸುಳ್ಳ್ ಹೇಳ್ತಾರ ಅಂದ್ಲು. ಹತ್ತು ವರ್ಷ ನನ್ ಕೈಯಾಗ ಕೆಲಸ ಮಾಡಿದಾಕಿ, ನನ್ನ ಮಾತು ನಂಬಲಿಲ್ಲ ನೋಡ್ರಿ. ನಾನೂ ಸಿಟ್ಟಿನಾಗ ನಡಿ ಅಂದೆ. ಫೋನ್ ಬಂದಿರ್ಲಿಲ್ರಿ, ನನ್ ಮಕ್ಕಳಾಣೆ." ಅವರು ಕನ್ನಡಕ ಸರಿಮಾಡಿಕೊಂಡು ನನ್ನನ್ನು ನೋಡಿದರು. "ನೀವ್ಯಾರು, ಅವ್ರ ಪೈಕಿನಾ?"

"ಹೌದ್ರಿ" ಎಂದೆ. "ದೂರದ ಸಂಬಂಧ."

ಅಲ್ಲಿಯೂ ಸುಳ್ಳನ್ನೇ ಹೇಳಿದೆ. ಓದುವವರಿಗೆ ಗೊತ್ತಾಗಲಿ ಎಂದು ಬರೆಯುತ್ತಿದ್ದೇನೆ.

ಹರಿಹರದ ಕಡೆ ಹೋದರು, ಕೊಕ್ಕನೂರಿನಲ್ಲಿ ಅವಳ ತಂಗಿಯೋ ಯಾರೋ ಇದ್ದರು ಎಂದು ಅವರು ಹೇಳಿದರು. ಒಂದು ಸೇರು ಮಂಡಕ್ಕಿ ಕಟ್ಟಿಸಿ ಕೊಟ್ಟರು. ದುಡ್ಡು ಬ್ಯಾಡ ಎಂದರು.

ಸಿಸ್ಟರ್ ಲಿಲ್ಲಿ ಈಗ ಹರಿಹರದಲ್ಲಿ, ವಯಸ್ಸಾದ ಸಿಸ್ಟರ್‌ಗಳು ಇರುವ ಮನೆಯಲ್ಲಿದ್ದಾರೆ. ಮೊದಲು ಅಲ್ಲಿಗೆ ಹೋದೆ. ವರಾಂಡದಲ್ಲಿ ಬೀನ್ಸ್ ಬಿಡಿಸುತ್ತಾ ಕೂತಿದ್ದರು. ಬಂದ ವಿಷಯ ಹೇಳಿದೆ. ಅವರು ಬೈಯಬಹುದು, ಇಲ್ಲವೇ ದೇವರು ಕ್ಷಮಿಸುತ್ತಾನೆ ಎನ್ನಬಹುದು ಎಂದು ನಾನು ಬಸ್ಸಿನಲ್ಲಿ ಎರಡಕ್ಕೂ ಸಿದ್ಧವಾಗಿದ್ದೆ. ಅವರು ಎರಡನ್ನೂ ಮಾಡಲಿಲ್ಲ.

"ಆ ಪುಸ್ತಕಕ್ಕೆ ಸಹಿ ಯಾರದ್ದು, ಗಿರಿಜಾ?"

"ನಿಮ್ದು, ಸಿಸ್ಟರ್."

"ನಾನು ದಿನಾ ನೋಡಿದ್ದೇನಲ್ಲ. ಸಿಗದವರೆಲ್ಲ ಒಂದೇ ಕಡೆಯವರು ಯಾಕೆ ಅಂತ ಒಂದು ದಿನ ಕೇಳಬಹುದಿತ್ತು. ಕೇಳಿದ್ದರೆ ನೀನು ಎಂಥ ಹೇಳ್ತಿದ್ದೆ?"

"ಫೋನ್ ಸಿಗಲ್ಲ ಅಂತಿದ್ದೆ."

"ಮತ್ತೆ ನಾನು ಸಹಿ ಹಾಕ್ತಿದ್ದೆ." ಬೀನ್ಸಿನ ನಾರು ತೆಗೆದು ಪಕ್ಕಕ್ಕಿಟ್ಟರು. "ಮಗುವಿನ ಹೆಸರೇನು ಹೇಳಿದೆ?"

"ನೇತ್ರಾವತಿ."

"ನೆನಪು ಬರುವುದಿಲ್ಲ ಮಾರಾಯ್ತಿ" ಎಂದರು. ವಿಭೂತಿಯ ಹುಡುಗ ಮಾತ್ರ ಅವರಿಗೂ ನೆನಪಿದ್ದ. ಅವನ ಸುದ್ದಿ ತೆಗೆದರು, ಇಬ್ಬರೂ ನಕ್ಕೆವು, ಆಮೇಲೆ ನಕ್ಕದ್ದಕ್ಕೆ ನಾಚಿ ನಾನೂ ಒಂದು ಹಿಡಿ ಬೀನ್ಸ್ ಬಿಡಿಸಲು ಎತ್ತಿಕೊಂಡೆ.

ಅಲ್ಲಿಂದ ಕೊಕ್ಕನೂರಿಗೆ ಬಸ್ಸು ಹಿಡಿದೆ. ಬಸ್ಸು ನಿಲ್ಲುವಲ್ಲಿದ್ದ ಚಹಾದಂಗಡಿಯಲ್ಲಿ ಕೇಳಿದೆ. ಅಂಗಡಿಯಾಕೆ ನಕ್ಕಳು.

"ಹಾಲಮ್ಮ ಅಂದ್ರ ನಮ್ಮೂರಾಗ ಏಳೆಂಟು ಮಂದಿ ಅದಾರ್ರಿ ಯಕ್ಕಾ. ಯಾರ್ ಮನಿ ಹಾಲಮ್ಮ? ಗಂಡನ ಹೆಸರೇನು?"

ಅರ್ಜಿಯಲ್ಲಿತ್ತು. ನಾನು ನಂಬರು ಮಾತ್ರ ಬರೆದುಕೊಂಡು ಬಂದಿದ್ದೆ.

"ಮಗಳೊಬ್ಳಿದ್ಲು, ನೇತ್ರಾವತಿ ಅಂತ. ದಾವಣಗೆರೆಯಿಂದ ಬಂದೋರು."

"ಹುಡುಗಿ ನೋಡಾಕ ಹೆಂಗದಾಳ?"

ಎತ್ತರವೋ ಕುಳ್ಳೋ, ಕಪ್ಪೋ ಕೆಂಪೋ, ನನಗೆ ಹೇಳಲಾಗಲಿಲ್ಲ. ಅರ್ಧ ಗಂಟೆ ಆ ಹುಡುಗಿ ನನ್ನ ಪಕ್ಕದಲ್ಲಿ ನಿಂತಿದ್ದಳು. ಚಹಾದಂಗಡಿಯಾಕೆ ಇಬ್ಬರು ಹಾಲಮ್ಮಂದಿರ ಮನೆ ತೋರಿಸಿದಳು. ಇಬ್ಬರೂ ಬೇರೆಯವರು. ಒಬ್ಬಾಕೆ ನೀರು ಕೊಟ್ಟು, "ಸಿಗ್ತಾಳ ತಗೋರಿ" ಎಂದಳು.

ಶಿಲ್ಪಾ, ನಿನ್ನ ಪ್ರಶ್ನೆಗೆ ಬರುತ್ತೇನೆ. ಈಗ ಪಟ್ಟಿ ಕಂಪ್ಯೂಟರಿನಲ್ಲಿದೆ, ಮೆಸೇಜು ತಾನಾಗಿಯೇ ಹೋಗುತ್ತದೆ, ಒಂದು ದಿನದೊಳಗೆ ಉತ್ತರ ಬರದಿದ್ದರೆ ಮುಂದಿನ ಹೆಸರು ಎಂದು ನೀನು ಹೇಳಿದೆ. ನಿನ್ನ ಕೈಯಲ್ಲಿ ತಪ್ಪಾಗುವುದಿಲ್ಲ ಎಂದು ಸಮಾಧಾನದಿಂದ ಹೇಳಿದೆ. ಆ ಮೆಸೇಜು ಹೋಗುವ ಫೋನು ಯಾರ ಕೈಯಲ್ಲಿದೆ ಎಂದು ಕೇಳಿದ್ದೀಯಾ? ಸಾಧಾರಣ ಮಗುವಿನ ತಾಯಿ ಬಂದು ಸೀಟು ಸಿಗುತ್ತದೆಯೇ ಎಂದು ಕೇಳಿದರೆ, ಕಷ್ಟ, ಆದರೆ ಕಾಯುವ ಪಟ್ಟಿಯಲ್ಲಿ ಹೆಸರು ಬಂದರೆ ದಿನಾ ಬಂದು ನನ್ನ ಎದುರಿಗೆ ಕೂಡ್ರಿ ಎಂದು ಹೇಳು. ಕೆಲಸ ಬಿಟ್ಟು ಬರಲಾಗದು ಎಂದರೆ ವಿಳಾಸ ಬರೆದುಕೋ, ನೀನೇ ಹೋಗು. ಇದು ರೂಲಿನಲ್ಲಿಲ್ಲ. ಮಾಡಬಾರದು ಎಂದೂ ಇಲ್ಲ.

ಕೊಕ್ಕನೂರಿಗೆ ಮತ್ತೆ ಎರಡು ಸಲ ಹೋಗಿ ಬಂದೆ. ಈಗ ಗಂಡನ ಹೆಸರೂ ಗೊತ್ತಿದೆ. ಆ ಹೆಸರಿನವರು ಅಲ್ಲಿ ಯಾರೂ ಇಲ್ಲ. ನಮ್ಮಲ್ಲಿ ಸೇರಿದ್ದರೆ ನೇತ್ರಾವತಿ ಚೆನ್ನಾಗಿ ಓದುತ್ತಿದ್ದಳೇ, ಇಂಗ್ಲಿಷಿಗೆ ಹೆದರಿ ನಡುವೆಯೇ ಬಿಡುತ್ತಿದ್ದಳೇ, ಗೊತ್ತಿಲ್ಲ. ಭಟ್ಟಿಯ ಕೆಲಸ ಹೋದ ಮೇಲೆ ಹಾಲಮ್ಮ ಏನು ಮಾಡಿದಳು, ಗೊತ್ತಿಲ್ಲ. ಆ ವರ್ಷ ಹುಡುಗಿ ಎಂಟನೇ ತರಗತಿಗೆ ಎಲ್ಲಾದರೂ ಸೇರಿದಳೋ ಇಲ್ಲವೋ, ಅದು ನನಗೆ ಗೊತ್ತಿಲ್ಲ.